ಮುಳ್ಳು ತಿರುಗಿದ ಗುಡ್ಡ

ಇದು ನಡೆದದ್ದೇ. ನಂಬಿಕೆ ಬಾರದವರು ಗೋಪಿನಾಥಂ ಕಾಡಿನ ಒಂಟಿ ಸಲಗವನ್ನೇ ಕೇಳಬಹುದು; ಕೇಳಿ ವಾಪಸು ಬಂದರೆ ಸರಿ.

ದೀಪಶ್ರೀಗೆ ಉಳಿದಿದ್ದದ್ದು ಒಂದೇ ಹಗಲು. ಕಾಡಿನಲ್ಲಿ ಓಡಾಡಲು ಸಿಕ್ಕಿದ್ದ ಅನುಮತಿ ಆ ಸಂಜೆಗೆ ಮುಗಿಯುತ್ತಿತ್ತು. ಹಳ್ಳದಲ್ಲಿ ಕೆಂಪು-ಕಪ್ಪು ಪಟ್ಟೆಯ ಕಲ್ಲಿನ ಚೂರುಗಳೇನೋ ಸಿಕ್ಕಿದ್ದವು, ಆದರೆ ಅವು ಒಡೆದು ಬಂದ ಮೂಲ ಬಂಡೆ ಎಲ್ಲೂ ಕಂಡಿರಲಿಲ್ಲ. ಹಳ್ಳ ಹೊತ್ತು ತಂದ ಚೂರಿಗೆ ಊರಿಲ್ಲ, ವಿಳಾಸವಿಲ್ಲ. ಬಂಡೆ ಸಿಗದಿದ್ದರೆ ಅವಳ ಭೂವಿಜ್ಞಾನದ ಸಂಶೋಧನೆ ಅಲ್ಲಿಗೇ ನಿಂತಂತೆ. ಅವಳ ಗುರು ಸದಾಶಿವಪ್ಪನವರು ಹರೆಯದಲ್ಲಿ ಅದೇ ಬಂಡೆಗಾಗಿ ಅಲೆದು ಮಂಡಿ ಸವೆಸಿಕೊಂಡಿದ್ದರು. ಈಗ ಜೀಪಿನಲ್ಲೇ ಕೂತು, "ಸಿಗದಿದ್ರೆ ಬೇಜಾರಾಗಬೇಡಮ್ಮ, ನನಗೂ ಸಿಕ್ಕಿಲ್ಲ" ಎಂದು ಕಳಿಸಿಕೊಟ್ಟರು.

ಮುಂದೆ ಮಚ್ಚು ಹಿಡಿದ ಕಾಡು ಕಾವಲುಗಾರ ದೇವಣ್ಣ. ಹಿಂದೆ ದೀಪಶ್ರೀಯ ಸಹಪಾಠಿ ಉಮೇಶ್, ಕೊಳ್ಳೇಗಾಲದ ಮಗ್ಗದ ಮನೆಯವನು. ಅವನ ಗಂಟಲಿನಲ್ಲಿ ಅರ್ಧ ಊರು ಬಾಡಿಗೆಗಿತ್ತು. "ಬೇಜಾರಾಗಬೇಡಮ್ಮ" ಎಂದು ಥೇಟ್ ಗುರುಗಳ ಹಾಗೇ ಕೆಮ್ಮಿದ.

"ಆ ಕಲ್ನಾಗೆ ಏನೈತವ್ವ ಅಂತದ್ದು? ಚಿನ್ನವಾ?" ದೇವಣ್ಣ ಕೇಳಿದ.

"ಸಮುದ್ರ ಇದೆ ದೇವಣ್ಣ."

ಬಿದಿರು ಮೆಳೆ, ಒಣಗಿದ ಹುಲ್ಲು, ದೂರದಲ್ಲಿ ತಗಡಿನಂತೆ ಹೊಳೆಯುವ ಕಾವೇರಿ. ಅದರ ನಡುವೆ ಏರುತ್ತಾ ಅವಳು ಹೇಳಿದಳು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಸೂರ್ಯ ಈಗಿನಷ್ಟು ಪ್ರಖರನಾಗಿರಲಿಲ್ಲ. ಆದರೂ ಕಡಲು ಹೆಪ್ಪುಗಟ್ಟಲಿಲ್ಲ. ಕಾವನ್ನು ಬಿಟ್ಟುಕೊಡದ ಹಸಿರುಮನೆ ಅನಿಲಗಳು ಗಾಳಿಯಲ್ಲಿ ದಟ್ಟವಾಗಿದ್ದವು. ಕರಗಿದ ಕಬ್ಬಿಣ ತುಂಬಿದ ಆ ನೀರಿನಲ್ಲಿ ಮೀನಿಲ್ಲ, ಏಡಿಯಿಲ್ಲ, ಕಣ್ಣಿಗೆ ಕಾಣದ ಜೀವಾಣುಗಳಷ್ಟೇ. ಅವು ಬಿಟ್ಟ ಆಮ್ಲಜನಕಕ್ಕೆ ಕಬ್ಬಿಣ ತುಕ್ಕು ಹಿಡಿದು ಪದರ ಪದರವಾಗಿ ತಳ ಸೇರಿತು. ಆ ಪದರಗಳೇ ಗಟ್ಟಿಯಾಗಿ ಈ ಪಟ್ಟೆಯ ಕಲ್ಲಾದವು.

"ಸೂರ್ಯ ಬಡವ, ಕಂಬಳಿ ಮಾತ್ರ ದಪ್ಪ" ಎಂದ ಉಮೇಶ್.

ಅವಳು ಸಿಕ್ಕಿದ ಬಂಡೆಗೆಲ್ಲ ದಿಕ್ಸೂಚಿ ಇಟ್ಟು ಪದರದ ದಿಕ್ಕು ನೋಡುತ್ತಿದ್ದಳು. ಇಟ್ಟಲ್ಲೆಲ್ಲ ಮುಳ್ಳು ಕುಣಿಯುತ್ತಿತ್ತು. ಪ್ರತಿ ಸಲವೂ ಹಿಂದೆ ಉಮೇಶ್ ಮುಗ್ಧ ಮುಖ ಮಾಡಿ ನಿಂತಿರುತ್ತಿದ್ದ, ಕಲ್ಲು ಪರೀಕ್ಷಿಸಲೆಂದು ತಂದ ಅಯಸ್ಕಾಂತವನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು.

ಬಿದಿರು ಲಟಕ್ಕೆಂದಿತು.

ದೇವಣ್ಣನ ಕೈ ಮೇಲೆದ್ದಿತು. ಕೂಗಳತೆಯಲ್ಲೂ ಅಲ್ಲ, ಉಗುಳಳತೆಯಲ್ಲಿ, ಬೂದು ಗೋಡೆಯೊಂದು ಕಿವಿ ಬೀಸಿತು.

"ಹುಲಿ ದನಿ ಮಾಡ್ಲಾ?" ಉಮೇಶ್ ಪಿಸುಗುಟ್ಟಿದ.

"ಬಾಯ್ ಬುಟ್ರೆ ನಿನ್ನ ಅದ್ಕೇ ಒಪ್ಪಿಸ್ಬುಟ್ಟು ಓಯ್ತೀನಿ ಕಣ್ಲಾ. ಮೆತ್ತಗೆ ಇಂದಕ್ಕೆ ಸರೀರಿ."

ಸಲಗ ನುಗ್ಗಿತು.

"ಓಡ್ರಿ. ಬಂಡೆ ಮ್ಯಾಕೆ."

ಓಡಿದರು. ಲಂಟಾನ ತೋಳು ಪರಚಿತು. ಉಮೇಶ್ ಜಾರಿ ಉರುಳಿದ, ಎದ್ದ, ಮತ್ತೆ ಓಡಿದ. ಕಡಿದಾದ ಬಂಡೆಯ ಬುಡದಲ್ಲಿ ಆನೆ ನಿಂತು ಮಣ್ಣೆರಚಿತು. ಬಂದ ದಾರಿ ಮುಚ್ಚಿತು.

ಅಲ್ಲಿಗೆ ಅವರು ಹಿಂದೆಂದೂ ಹತ್ತಿರಲಿಲ್ಲ. ಏದುಸಿರು ಬಿಡುತ್ತಲೇ ದೀಪಶ್ರೀ ರೂಢಿಯಂತೆ ದಿಕ್ಸೂಚಿಯನ್ನು ನೆಲಕ್ಕಿಟ್ಟಳು. ಸೂರ್ಯ ಇಳಿಯುತ್ತಿದ್ದ ಕಡೆಯನ್ನೇ ಅದು ಉತ್ತರ ಎಂದಿತು.

"ಉಮೇಶ, ಜೀವ ಹೋಗ್ತಿದ್ರೂ ನಿನ್ನ ಆಟ ಬಿಡಲ್ವಾ? ಕೊಡಿಲ್ಲಿ ಆ ಮ್ಯಾಗ್ನೆಟ್ನ."

"ಜಾರಿದಾಗ ಬಿದ್ದೋಯ್ತು ಕಣೇ. ಮಾದಪ್ಪನಾಣೆ."

"ದೂರ ಹೋಗಿ ನಿಂತ್ಕೋ."

ಹೋದ. ಮುಳ್ಳು ಜಗ್ಗಲಿಲ್ಲ.

"ಇನ್ನೂ ದೂರ."

"ಇನ್ನೂ ದೂರ ಅಂದ್ರೆ ಆನೆ ಬೆನ್ನ ಮೇಲೇ ಕೂರ್ಬೇಕು."

ದೇವಣ್ಣನ ಮಚ್ಚನ್ನೂ ಆಚೆ ಇಡಿಸಿದಳು. ಆಗಲೂ ಅಷ್ಟೇ. ದಿಕ್ಸೂಚಿ ಹಿಡಿದು ನಾಲ್ಕು ಹೆಜ್ಜೆ ಸರಿದಳು. ಮುಳ್ಳು ಪೂರ್ತಿ ತಿರುಗಿಬಿಟ್ಟಿತು.

ಅವಳು ಕಾಲಡಿಯ ಬಂಡೆ ನೋಡಿದಳು. ಮಂಡಿಯೂರಿ ಪಾಚಿ ಕೆರೆದಳು. ಸುತ್ತಿಗೆ ಬಿತ್ತು. ಒಳಗೆ ಕೆಂಪು, ಕಪ್ಪು, ಮತ್ತೆ ಕೆಂಪು, ಗುಡ್ಡದ ಹೊಟ್ಟೆಯೊಳಕ್ಕೇ ಇಳಿದುಹೋದ ಪಟ್ಟೆ.

"ನಮ್ಮವ್ವ ನೇಯೋ ಸೀರೆ ಅಂಚು ಕಣೇ ಇದು" ಎಂದ ಉಮೇಶ್, ಆ ದಿನ ಮೊದಲ ಸಲ ಸ್ವಂತ ದನಿಯಲ್ಲಿ.

ಆನೆ ಕದಲಲಿಲ್ಲ. ಗುಡ್ಡದ ಹಿಂಬದಿಯ ಹಳ್ಳಕ್ಕೇ ಇಳಿಯಬೇಕಾಯಿತು. ಸೊಂಟದ ಮಟ್ಟದ ನೀರು, ಪಾಚಿಗಲ್ಲು. ದೀಪಶ್ರೀ ಕಾಲು ಜಾರಿ ನೀರಿಗೆ ಬಿದ್ದಳು. ಕಲ್ಲಿದ್ದ ಚೀಲವನ್ನು ಮಾತ್ರ ಬಿಡಲಿಲ್ಲ.

"ಚೀಲ ಬುಡವ್ವ, ಟವೆಲ್ ಇಡ್ಕೊ." ದೇವಣ್ಣ ಹೆಗಲ ಟವೆಲ್ ಚಾಚಿದ.

"ಬಿಡಲ್ಲ."

ಉಮೇಶ್ ಚೀಲಕ್ಕೆ ಕೈ ಹಾಕಿದ, ದೇವಣ್ಣ ಟವೆಲಿಂದ ಅವಳನ್ನು ಎಳೆದ. ಮೂವರೂ ದಡಕ್ಕೆ ಬಿದ್ದರು.

ಹೊತ್ತು ಮುಳುಗುವ ಮುನ್ನ ಜೀಪು ಕಂಡಿತು. "ಇವತ್ತಿನ ನಾಟಕ ನಂದು. ಮುಖ ಜೋಲು ಮಾಡ್ಕೊಳ್ಳಿ" ಎಂದಳು ದೀಪಶ್ರೀ.

ಮೂರು ಜೋಲು ಮುಖ ನೋಡಿ ಸದಾಶಿವಪ್ಪನವರು ಅವಳ ತಲೆ ಸವರಿದರು. "ಇರಲಿ ಬಿಡಮ್ಮ. ಕೆಲವು ಬಂಡೆ ಯಾರಿಗೂ ಸಿಗಲ್ಲ."

"ದಿಕ್ಸೂಚಿನೂ ಕೆಟ್ಟಿದೆ ಸರ್, ನೋಡಿ" ಎಂದು ಅವರ ಅಂಗೈಗಿಟ್ಟಳು.

ಅವರು ಕನ್ನಡಕ ಏರಿಸಿದರು. ಅವಳು ಚೀಲವನ್ನು ಪಕ್ಕಕ್ಕೆ ತಂದು ಎಡಕ್ಕೆ ಸರಿಸಿದಳು, ಮುಳ್ಳು ಎಡಕ್ಕೆ. ಬಲಕ್ಕೆ ಎಳೆದಳು, ಮುಳ್ಳು ಬಲಕ್ಕೆ. ಗುರುಗಳು ಮುಳ್ಳು ನೋಡಿದರು, ಚೀಲ ನೋಡಿದರು, ಉಸಿರು ಬಿಗಿಹಿಡಿದ ಮೂವರನ್ನೂ ನೋಡಿದರು. ಚೀಲಕ್ಕೆ ಕೈ ಹಾಕಿ, ಒದ್ದೆ ಕಲ್ಲಿನ ಪಟ್ಟೆಗಳ ಮೇಲೆ ಬೆರಳಾಡಿಸಿದರು.

"ಹಳ್ಳದ ಚೂರಲ್ಲ ತಾನೇ? ಮೂಲ ಬಂಡೆಯಿಂದಲೇ ಕಿತ್ತದ್ದಾ?"

"ಗುಡ್ಡದ ತುದಿಯಿಂದ ಸರ್."

"ಕಳ್ಳಿ" ಎಂದರು. ಆಮೇಲೆ ಹೊರಟ ನಗುವಿಗೆ ಮರದ ಹಕ್ಕಿಗಳೆಲ್ಲ ಎದ್ದುಹೋದವು. ಅವರ ಮುಂದೆ ಉಳಿದ ಮೂವರ ನಗು ಕೇಳಿಸಲೇ ಇಲ್ಲ.

"ಮೆತ್ತಗೆ ಸಾ, ಆನೆ ಬಂದದು" ಎಂದ ದೇವಣ್ಣ.

ಅವರು ಸವೆದ ಮಂಡಿ ಬಡಿದುಕೊಂಡು ಇನ್ನೂ ಜೋರಾಗಿ ನಕ್ಕರು.