ನಲವತ್ತೊಂದು ಥ್ಯಾಂಕ್ಸ್

"ಈ ಹುಡುಗ ಸುಳ್ಳ ಹಾಡ್ಲಿಕ್ಕತ್ತಾನ ನೋಡು."

ಹಂಸಾ ಇದನ್ನು ಗೆಳತಿ ವಾಸಂತಿಯ ಕಿವಿಯಲ್ಲಿ ಹೇಳಿದ್ದಳು, ತನ್ನ ಧಾರವಾಡದ ಕನ್ನಡದಲ್ಲಿ. ಇಂಗ್ಲೆಂಡಿನ ಲೀಡ್ಸ್ ಊರಿನ ಹೆಡಿಂಗ್ಲೀ ಪಬ್ಬಿನಲ್ಲಿ ಅದು ಯಾರಿಗೆ ತಿಳಿಯಬೇಕು? ಆದರೆ ಎರಡು ಹಾಡಿನ ನಡುವೆ ಎಲ್ಲರೂ ಸುಮ್ಮನಾದ ಗಳಿಗೆ ಅದು. ಗಿಟಾರು ಹಿಡಿದು ಸ್ಟೂಲಿನ ಮೇಲೆ ಕೂತಿದ್ದವನು ತಲೆಯೆತ್ತಿದ.

"ಯಾವ ಲೈನ್ ಸುಳ್ಳು?" ಎಂದ, ಕನ್ನಡದಲ್ಲೇ.

ಓಡಿಹೋಗೋಣವೆಂದರೆ ಬಾಗಿಲು ಅವನ ಬೆನ್ನ ಹಿಂದೆ.

"ಕುದುರೆ ಸತ್ತದ್ದು," ಎಂದಳು ಮೆಲ್ಲಗೆ. "ನೀವು ಕುದುರೆ ಸಾಕಿದವರ ಹಾಗೆ ಕಾಣೋದಿಲ್ಲ."

"ಟ್ರಾಮ್ ಮಾತ್ರ ಹತ್ತಿದೀನಿ," ಎಂದು ನಕ್ಕ ಅವನು. "ಫೇರ್ ಎನಫ್."

ಅವನು ಈಶಾನ್. ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಡಾಕ್ಟರ ಮಗನಾಗಿ ಹುಟ್ಟಿ, ಧಾರವಾಡದಿಂದ ಬಂದ ಅಜ್ಜಿ ಶಕುಂತಲಾಬಾಯಿಯ ಮಡಿಲಲ್ಲಿ ಕನ್ನಡ ಕಲಿತವನು. ಹಾಡುವುದು ಮಾತ್ರ ಅಮೆರಿಕದ ಹಳ್ಳಿಗರ ಕಂಟ್ರಿ ಹಾಡು. ಆ ವರ್ಷ ಅವನ ಮೊದಲ ಆಲ್ಬಂ ಬಂದಾಗ ಅದರಲ್ಲಿ ಕುದುರೆ ಇರಲಿಲ್ಲ. ಕವರಿನ ಒಳಗೆ, ಕಟ್ಟಕಡೆಗೆ, ಒಂದು ಸಾಲಿತ್ತು: 'ನನ್ನನ್ನು ಕುದುರೆಯಿಂದ ಇಳಿಸಿದ ಹಂಸಾಗೆ ಥ್ಯಾಂಕ್ಸ್.'

ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ, ಲೆಕ್ಕವಿಟ್ಟವರಿಲ್ಲ.

ಎರಡನೇ ಆಲ್ಬಮ್ಮಿಗೆ ಒಂದೂವರೆ ವರ್ಷ ಹಿಡಿಯಿತು. ಪ್ರತಿ ಶನಿವಾರ ಹಂಸಾ ರೈಲು ಹತ್ತಿ ಸಾಲ್ಫರ್ಡಿನ ಸ್ಟುಡಿಯೋಗೆ ಹೋಗುವಳು. ಗಾಜಿನ ಆ ಕಡೆ ಅವನು ಹಾಡಬೇಕು, ಈ ಕಡೆ ಇವಳು ಕೂತು ಕೇಳಬೇಕು. ಸಾಲಿನಲ್ಲಿ ಸುಳ್ಳು ಕಂಡರೆ ತಲೆ ಅಲ್ಲಾಡಿಸುವಳು. ಅವನು ಮರುಮಾತಿಲ್ಲದೆ ಮತ್ತೆ ಹಾಡುವನು. ಅವಳು ಬಾರದ ವಾರ ಅವನ ಗಂಟಲೇ ಏಳುತ್ತಿರಲಿಲ್ಲ. ಇಷ್ಟಾದರೂ ಮನಸ್ಸಿನ ಮಾತನ್ನು ಅವನೂ ಆಡಲಿಲ್ಲ, ಇವಳೂ ಆಡಲಿಲ್ಲ. ಗಾಜು ನಡುವೆ ಇದ್ದೇ ಇತ್ತು.

ಅಷ್ಟರಲ್ಲಿ ಹಂಸಾಳ ಓದಿನ ವೀಸಾ ಮುಗಿಯಲು ಮೂರು ವಾರ ಉಳಿಯಿತು. ಅವಳ ಕೈಯಲ್ಲಿ ಎರಡು ಪತ್ರಗಳಿದ್ದವು. ಬರ್ಮಿಂಗ್‌ಹ್ಯಾಮಿನ ಒಂದು ಲ್ಯಾಬಿನಲ್ಲಿ ವೀಸಾ ಸಮೇತ ಕೆಲಸ. ಇಲ್ಲವೇ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಎರಡಕ್ಕೂ ಶುಕ್ರವಾರ ಸಂಜೆ ಐದರೊಳಗೆ ಉತ್ತರ ಕೊಡಬೇಕು.

"ಏನು ಮಾಡ್ಲಿ, ಈಶಾನ್?" ಎಂದು ಕೇಳಿಯೇ ಬಿಟ್ಟಿದ್ದಳು.

ಅವನು ಗಿಟಾರಿನ ತಂತಿ ಬಿಗಿ ಮಾಡುತ್ತಾ, "ಶುಕ್ರವಾರ ಆಲ್ಬಂ ಬರತ್ತೆ. ಕವರ್ ಒಳಗೆ ನೋಡು. ಆಮೇಲೆ ಡಿಸೈಡ್ ಮಾಡು," ಎಂದಿದ್ದ.

ಆ ಒಂದು ಮಾತಿನ ಮೇಲೆ ಅವಳು ಆರು ದಿನ ಬದುಕಿದಳು.

ಶುಕ್ರವಾರ ಮೂರು ಗಂಟೆಗೆ ಲೀಡ್ಸಿನ ರೆಕಾರ್ಡ್ ಅಂಗಡಿಯಲ್ಲಿ ಬಿಡುಗಡೆ. ಹಂಸಾ ಮೂಲೆಯಲ್ಲಿ ನಿಂತು ಕವರು ಬಿಡಿಸಿದಳು. ಥ್ಯಾಂಕ್ಸ್ ಎಂಬ ತಲೆಬರಹದ ಕೆಳಗೆ ನಲವತ್ತೊಂದು ಹೆಸರು. ಡ್ರಮ್ ಬಾರಿಸಿದವನು, ಗಿಟಾರಿನ ಕತ್ತು ರಿಪೇರಿ ಮಾಡಿದ ಮುದುಕ, ಸ್ಟುಡಿಯೋದಲ್ಲಿ ಟೀ ಕೊಟ್ಟ ಹೆಂಗಸು, ಯಾವುದೋ ಬಸ್ಸಿನ ಡ್ರೈವರು...

ಹಂಸಾ ಇರಲಿಲ್ಲ.

ಕಣ್ಣು ತಪ್ಪಿತೇನೋ ಎಂದು ಬೆರಳಿಟ್ಟು ಓದಿದಳು. ಇರಲಿಲ್ಲ. ಬಸ್ಸಿಳಿಯುವಾಗ ಡ್ರೈವರಿಗೂ ಥ್ಯಾಂಕ್ಸ್ ಹೇಳುವ ಊರು ಅದು. ಅಂಥ ಊರಿನಲ್ಲಿ ತನಗೆ ಒಂದೂ ಉಳಿದಿಲ್ಲ. 'ನೋಡು ಅಂದದ್ದು ಇದನ್ನೇ? ಹೋಗು ಅಂತ ಬಾಯಲ್ಲಿ ಹೇಳಲಾಗದೆ ಹೀಗೆ ಹೇಳಿದನೇ?' ಎದುರಿಗೆ ಅವನು ಮೈಕು ಸರಿ ಮಾಡಿಕೊಳ್ಳುತ್ತಿದ್ದ, ಸುತ್ತ ಜನ. ಹೋಗಿ ಕೇಳಬಹುದಿತ್ತು. ಕೇಳಿ ಪಡೆದದ್ದು ಎಷ್ಟು ದಿನ ಬಾಳುತ್ತದೆ?

ಬಸ್ಸಿನಲ್ಲಿ ಕೂತು ಬೆಳಗಾವಿಗೆ ಬರುತ್ತೇನೆ ಎಂದು ಬರೆದಳು. ಬರ್ಮಿಂಗ್‌ಹ್ಯಾಮಿಗೆ ಬೇಡ ಎಂದು ಬರೆದಳು. ಹೆಡಿಂಗ್ಲೀಯಲ್ಲಿ ಇಳಿಯುವಾಗ ಡ್ರೈವರ ಕಡೆ ತಿರುಗಿದಳು, ಥ್ಯಾಂಕ್ಸ್ ಎನ್ನಲು ಬಾಯಿ ಬರಲಿಲ್ಲ. ಮೂರು ವರ್ಷದಲ್ಲಿ ಅದೇ ಮೊದಲು.

ಗಂಟೆಯೊಳಗೆ ಬಾಗಿಲು ಬಡಿದ ಸದ್ದಾಯಿತು. ಈಶಾನ್. ಚಳಿಯಲ್ಲಿ ಕೋಟಿಲ್ಲದೆ, ಬೆನ್ನಿಗೆ ಗಿಟಾರು.

"ತಲೆಯೆತ್ತಿ ನೋಡಿದ್ರೆ ನೀನಿಲ್ಲ. ನಾನು ನಾಲ್ಕನೇ ಹಾಡಿಗೇ ನಿಲ್ಲಿಸ್ಬಿಟ್ಟೆ. ಯಾಕೆ ಹೋದೆ?"

"ನಲವತ್ತೊಂದು ಹೆಸರು. ಬಸ್ ಡ್ರೈವರ್‌ಗೂ ಐತಿ," ಎಂದಳು. ನೋವಾದಾಗ ಊರಿನ ಮಾತೇ ಬರುತ್ತದೆ.

ಅವನು ಅವಳ ಕೈಯಲ್ಲಿದ್ದ ಕವರಿನ ಕಡೆ ಬೆರಳು ಮಾಡಿದ. "ನಮ್ಮಮ್ಮ ಇದಾರಾ ಅದರಲ್ಲಿ? ಡ್ಯಾಡ್? ಅಜ್ಜಿ?"

ಹಂಸಾ ಕವರು ಮತ್ತೆ ತೆರೆದಳು. ಯಾರೂ ಇರಲಿಲ್ಲ.

"ಆರು ವರ್ಷದವನಿದ್ದಾಗ ಅಜ್ಜಿ ರೊಟ್ಟಿ ಕೊಟ್ಲು. ಥ್ಯಾಂಕ್ಯೂ ಅಂದೆ. ತಟ್ಟೆಯಿಂದ ವಾಪಸ್ ತಗೊಂಡ್ಬಿಟ್ಲು. 'ನಾ ಏನ್ ಹೋಟೆಲ್‌ನಾಕಿ? ಮನ್ಯಾವ್ರಿಗೆ ಥ್ಯಾಂಕ್ಸ್ ಹೇಳಿದ್ರ ಅವ್ರು ಹೊರಗಿನವ್ರಾಗ್ತಾರ' ಅಂದ್ಲು. ಮೊದಲನೇ ಆಲ್ಬಂನಲ್ಲಿ ನೀನು ಹೊರಗಿನವಳು, ಹಂಸಾ. ಈಗ ಹ್ಯಾಗೆ ಬರೀಲಿ?"

ಹಂಸಾ ಬಾಗಿಲ ಚೌಕಟ್ಟಿಗೆ ಒರಗಿದಳು. ತನ್ನ ತಾಯಿಗೆ ತಾನು ಎಂದಾದರೂ ಥ್ಯಾಂಕ್ಸ್ ಹೇಳಿದ್ದುಂಟೇ? ಇಲ್ಲೇ ಹುಟ್ಟಿದವನು ಉಳಿಸಿಕೊಂಡದ್ದನ್ನು, ಅಲ್ಲಿಂದ ಬಂದ ತಾನು ಮೂರು ವರ್ಷದಲ್ಲಿ ಮರೆತಿದ್ದಳು.

"ಬಾಯಿಬಿಟ್ಟು ಹೇಳಬಾರದಾಗಿತ್ತಾ?"

"ನಿನಗೆ ಗೊತ್ತಾಗತ್ತೆ ಅಂದ್ಕೊಂಡೆ. ನೀನು ಧಾರವಾಡದವಳು."

"ಬರ್ಮಿಂಗ್‌ಹ್ಯಾಮ್ ಬೇಡ ಅಂತ ಬರೆದುಬಿಟ್ಟೆ, ಈಶಾನ್." ಫೋನು ಅವನ ಕೈಗಿಟ್ಟಳು. ಲ್ಯಾಬಿನಿಂದ ಆಗಲೇ ಉತ್ತರ ಬಂದಿತ್ತು, ಕೆಲಸ ಸಾಲಿನಲ್ಲಿದ್ದ ಮುಂದಿನವರಿಗೆ ಹೋಗಿತ್ತು. "ಅವರೂ ಥ್ಯಾಂಕ್ಸ್ ಹೇಳ್ಯಾರ, ನೋಡು."

ಅವನು ನಗಲಿಲ್ಲ. ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ಅವಳೂ ಕೂತಳು. ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಬೀದಿಯಲ್ಲಿ ಬಸ್ಸುಗಳು ತಮ್ಮ ಪಾಡಿಗೆ ಹೋದವು.

"ಬೆಳಗಾವಿಯಿಂದ ಧಾರವಾಡ ಎಷ್ಟು ದೂರ?" ಫೋನು ವಾಪಸ್ ಕೊಡುತ್ತಾ ಕೇಳಿದ.

"ಒಂದೂವರೆ ತಾಸು."

"ಅಜ್ಜಿ ಹತ್ತು ವರ್ಷದಿಂದ ಕರ್ಕೊಂಡು ಹೋಗು ಅಂತಿದಾಳೆ. ಶೋಗಳು ಮುಗಿದ ತಕ್ಷಣ ಬರ್ತೀವಿ. ಅಜ್ಜಿ ನಿಮ್ಮ ಮನೇಲಿ ಕೇಳ್ತಾಳೆ. ನಾನು ನಿನ್ನ ಈಗ್ಲೇ ಕೇಳ್ತೀನಿ... ಐ ಲವ್ ಯೂ, ಹಂಸಾ. ಮದುವೆ ಆಗ್ತೀಯಾ?"

ಹೇಳಿ, ಸ್ಟುಡಿಯೋದಲ್ಲಿ ಕಾಯುವ ಹಾಗೆಯೇ ಅವಳ ಮುಖ ನೋಡುತ್ತ ಕಾದ.

ಹಂಸಾ ತಲೆ ಅಲ್ಲಾಡಿಸಲಿಲ್ಲ. ಸೆರಗಿಲ್ಲದ್ದರಿಂದ ಸ್ವೆಟರಿನ ತೋಳಿನಲ್ಲೇ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಿಸಿ ಚಹಾ ತಂದು ಅವನ ಮುಂದೆ ಹಿಡಿದಳು.

"ಥ್ಯಾಂ..." ಎಂದವನು ಅಲ್ಲಿಗೇ ನುಂಗಿಕೊಂಡ.

"ಪೂರ್ತಿ ಹೇಳಿ ನೋಡು," ಎಂದಳು ಹಂಸಾ. "ಕಪ್ಪು ವಾಪಸ್ ತಗೋತೀನಿ."