ಒಣಗೈ

ಜೋಯಾ ನದಾಫ ತನ್ನ ಬಲಗೈಯನ್ನು ಕಾಗದದ ಮೇಲೆ ಒತ್ತಿ ಎತ್ತಿದಳು. ಐದು ಬೆರಳೂ ಅಂಗೈಯೂ ಕಪ್ಪುನೀಲಿಯಾಗಿ ಮೂಡಿದವು. ಅಯೋಡಿನ್ ಹಿಡಿಸಿದ ಕಾಗದ ಅದು, ಬೆವರು ತಗುಲಿದಲ್ಲೆಲ್ಲ ಬಣ್ಣ ತಿರುಗುತ್ತದೆ. ಹದಿಮೂರು ವರ್ಷದ ಆ ಹುಡುಗಿಯ ಕೈ ಎಷ್ಟು ಬೆವರುತ್ತಿತ್ತೆಂದರೆ, ಅಚ್ಚಿನ ಅಂಚು ಹರಡಿ ಬೆರಳುಗಳೆಲ್ಲ ಒಂದಾಗಿದ್ದವು. ಡಾ. ಸಿಂಚನಾ ಕಮ್ಮಾರ ಅವಳ ಮಣಿಕಟ್ಟಿಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪಟ್ಟಿಯನ್ನು ಸುತ್ತಿ, ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಐದು ನಿಮಿಷ ಕಾದು, ಕೈ ಒರೆಸಿ, ಹೊಸ ಕಾಗದ ಮುಂದಿಟ್ಟಳು. ಜೋಯಾ ಮತ್ತೆ ಒತ್ತಿದಳು. ಕಾಗದ ಹೇಗಿತ್ತೋ ಹಾಗೇ ಉಳಿಯಿತು.

"ನನ್ನ ಕೈ ಅಂತ ಅನ್ಸವಲ್ದರಿ ಮೇಡಂ," ಎಂದಳು ಜೋಯಾ, ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು. "ಕಾಲಿಗೂ ಐತೇನ್ರಿ ಇದು?"

"ಐತಿ. ಬೀಮಿನ ಮ್ಯಾಲೂ ಇನ್ನ ಜಾರೂದಿಲ್ಲ ನೀ."

ಬೀಮ್ ಎಂದರೆ ನಾಲ್ಕು ಅಂಗುಲ ಅಗಲದ ಹಲಗೆ. ಒದ್ದೆ ಪಾದದವರಿಗೆ ಅದು ಎಣ್ಣೆ ಸವರಿದ ಗೋಡೆಯ ಮೇಲಿನ ನಡಿಗೆ.

ಧಾರವಾಡದಲ್ಲಿ ಹತ್ತಿಯ ಹಳೇ ಗೋದಾಮೊಂದರಲ್ಲಿ ನಡೆಯುತ್ತಿದ್ದ ಜಿಮ್ನಾಸ್ಟಿಕ್ಸ್ ಶಾಲೆ ಅದು. ಇಸವಿ 2061. ನಲವತ್ತು ವರ್ಷದಿಂದ ಅಲ್ಲಿ ಕಲಿಸುತ್ತಿದ್ದ ರುದ್ರಮುನಿ ಪತ್ತಾರ ಸರ್ ಕೈಕಟ್ಟಿಕೊಂಡು ಇದನ್ನೆಲ್ಲ ನೋಡುತ್ತಿದ್ದರು.

"ಕುಣಿಯಲಾರದಾಕಿ ನೆಲ ಡೊಂಕು ಅಂದ್ಳಂತ," ಎಂದರು. "ನೀ ನೆಲಾನ ಸಪಾಟ ಮಾಡಿಟ್ಟಿ. ಇನ್ನ ಈ ಹುಡುಗರಿಗೆ ಹೇಳಾಕ ಒಂದು ನೆವಾನೂ ಉಳೀಲಿಲ್ಲ ನೋಡವಾ."

ಸಿಂಚನಾ ನಕ್ಕಳು. ಎಂಟರಿಂದ ಹದಿನಾಲ್ಕನೇ ವಯಸ್ಸಿನವರೆಗೆ ಅವಳೂ ಅವರ ಶಿಷ್ಯೆಯಾಗಿದ್ದವಳೇ. ಅವಳ ಕೈಯೂ ತೊಟ್ಟಿಕ್ಕುತ್ತಿತ್ತು. ಎಷ್ಟು ಚಾಕ್ ಪುಡಿ ಮೆತ್ತಿದರೂ ಸರಳಿನ ಮೇಲೆ ಎರಡು ಸುತ್ತು ಹಾಕುವಷ್ಟರಲ್ಲಿ ಅದು ಕೆಸರಾಗುತ್ತಿತ್ತು. ಶಾಲೆಯಲ್ಲಿ ಯಾರೂ ಅವಳ ಕೈ ಹಿಡಿದು ಆಡುತ್ತಿರಲಿಲ್ಲ. ಕೊನೆಗೆ ಬೇಸತ್ತು ಆಟ ಬಿಟ್ಟಳು, ಓದಿದಳು, ವಿಜ್ಞಾನಿಯಾದಳು. ಮೂವತ್ತು ವರ್ಷ ಒಂದೇ ಹಟ. ಆ ಬಿಳಿ ಕಾಗದ ಕಂಡಾಗ ಅವಳಿಗೆ ಉಂಟಾದ ಸಂತೋಷ ಹೇಳತೀರದು. ಮುಂದೆ ಆ ಸಂತೋಷವನ್ನು ನೆನೆದಾಗಲೆಲ್ಲ ಅವಳು ನಾಚಿಕೆಯಿಂದ ಕುಗ್ಗುತ್ತಿದ್ದಳು.

ಅವಳ ಉಪಾಯ ಸರಳವಾಗಿತ್ತು. ಬೆವರಿನ ಗ್ರಂಥಿಗಳು ತಾವಾಗಿ ಬೆವರುವುದಿಲ್ಲ, ಮೆದುಳಿನಿಂದ ಅಪ್ಪಣೆ ಬರಬೇಕು. ಆ ಅಪ್ಪಣೆ ನರಗಳ ಹಾದಿಯಲ್ಲಿ, ಮಣಿಕಟ್ಟು ಮತ್ತು ಹಿಮ್ಮಡಿಯ ಮೇಲ್ಗಡೆ, ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುತ್ತದೆ. ಸಿಂಚನಾಳ ಪಟ್ಟಿ ಅಲ್ಲಿ ಸುಂಕದ ಕಟ್ಟೆಯ ನಾಕಾದಾರನ ಹಾಗೆ ಕೂತು, ಮುಟ್ಟಿದ್ದನ್ನು ತಿಳಿಸುವ, ಸ್ನಾಯುಗಳನ್ನು ಆಡಿಸುವ ಸಂಕೇತಗಳನ್ನು ಹೋಗಗೊಟ್ಟು, ಬೆವರಿನ ಅಪ್ಪಣೆಯನ್ನು ಮಾತ್ರ ಸಣ್ಣ ವಿದ್ಯುತ್ ಮಿಡಿತದಿಂದ ತಡೆಯುತ್ತಿತ್ತು. ಅದರ ಜೊತೆಗೇ ಬರುವ, ಕೈ ತಣ್ಣಗಾಗಿಸುವ ಅಪ್ಪಣೆಯೂ ನಿಂತು, ಕೈ ಒಣಗಿ ಬೆಚ್ಚಗೆ ಇರುತ್ತಿತ್ತು. ಅದಕ್ಕೆ ಅವಳು ಒಣಗೈ ಎಂದೇ ಹೆಸರಿಟ್ಟಳು.

ನಾಲ್ಕು ತಿಂಗಳಲ್ಲಿ ಜೋಯಾ ಬೇರೆಯೇ ಹುಡುಗಿಯಾದಳು. ಗೋದಾಮಿನ ಉಳಿದ ಹನ್ನೊಂದು ಮಕ್ಕಳೂ ಪಟ್ಟಿ ಕಟ್ಟಿಕೊಂಡರು. ಚಾಕ್ ಪುಡಿಯ ಬೋಗುಣಿಯಲ್ಲಿ ಯಾರೋ ಚಪ್ಪಲಿ ಇಡತೊಡಗಿದರು.

ಪತ್ತಾರ ಸರ್ ಅವರಲ್ಲಿ ಒಂದು ರೂಢಿಯಿತ್ತು. ಯಾವ ಮಗುವೇ ಆಗಲಿ, ಹೊಸ ಪಟ್ಟನ್ನು ಮೊದಲ ಸಲ ಮಾಡುವ ಮುಂಚೆ ಅವರ ಎದುರು ಬಂದು ನಿಂತು ಎರಡೂ ಕೈ ಚಾಚಬೇಕು. ಅವರು ಅವನ್ನು ತಮ್ಮ ಕೈಯೊಳಗೆ ಹಿಡಿದು ಕ್ಷಣಕಾಲ ಕಣ್ಣು ಮುಚ್ಚುತ್ತಿದ್ದರು. ಆಮೇಲೆ "ಹೋಗು" ಎನ್ನುತ್ತಿದ್ದರು, ಇಲ್ಲವೆ "ಇವತ್ತ ಬ್ಯಾಡ" ಎನ್ನುತ್ತಿದ್ದರು. ಕಾರಣ ಕೇಳಿದರೆ ತಮ್ಮ ಗುರುಗಳ ಕೃಪೆ, ತಾನಾಗಿ ಹೊಳೆಯುತ್ತದೆ ಎನ್ನುತ್ತಿದ್ದರು. ಮಕ್ಕಳು ಅದನ್ನು ಆಶೀರ್ವಾದ ಎಂದುಕೊಂಡಿದ್ದರು. ನಲವತ್ತು ವರ್ಷದಲ್ಲಿ ಹೊಸ ಪಟ್ಟು ಕಲಿಯುವಾಗ ಆ ಗೋದಾಮಿನಲ್ಲಿ ಒಂದು ಮಗುವಿನ ಎಲುಬೂ ಮುರಿದಿರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಜೋಯಾ ಕೈ ಚಾಚಿ ನಿಂತಳು. ಎತ್ತರದ ಸರಳನ್ನು ಬಿಟ್ಟು, ಗಾಳಿಯಲ್ಲಿ ಒಂದು ಲಾಗ ಹೊಡೆದು, ಮತ್ತೆ ಅದೇ ಸರಳನ್ನು ಹಿಡಿಯುವ ಪಟ್ಟು ಅದು. ಎರಡು ತಿಂಗಳು ಸ್ಪಂಜಿನ ಗುಂಡಿಯ ಮೇಲೆ ಮಾಡಿದ್ದಳು. ಈಗ ಕೆಳಗೆ ಬರೀ ಚಾಪೆಯಿತ್ತು, ರಾಷ್ಟ್ರಮಟ್ಟದ ಆಯ್ಕೆಗೆ ಒಂದು ತಿಂಗಳಿತ್ತು. ಸರ್ ಅವಳ ಕೈ ಹಿಡಿದರು. ಒಣಗಿತ್ತು, ಬೆಚ್ಚಗಿತ್ತು, ನಿದ್ದೆಯಲ್ಲಿರುವ ಕೂಸಿನ ಕೈಯಂತಿತ್ತು.

"ಹೋಗು," ಎಂದರು.

ಕೈ ಜಾರಲಿಲ್ಲ. ಕ್ಯಾಮೆರಾದಲ್ಲಿ ಅದು ಸ್ಪಷ್ಟವಾಗಿತ್ತು. ಸರಳನ್ನು ಬಿಡಬೇಕಾದ ಕ್ಷಣದಲ್ಲಿ ಜೋಯಾ ಬಿಡಲೋ ಬೇಡವೋ ಎಂದು ಅನುಮಾನಿಸಿ ತಡವಾಗಿ ಬಿಟ್ಟಳು, ಲಾಗ ಅರ್ಧಕ್ಕೇ ನಿಂತಿತು. ಬಲಗೈ ಮೈಯಡಿ ಸಿಕ್ಕಿ ಮೊಣಕೈ ಚೂರುಚೂರಾಯಿತು. ತಟ್ಟೆ ಹಿಡಿಯಬಹುದು, ಬರೆಯಬಹುದು, ಆದರೆ ಆ ಕೈ ಇನ್ನೆಂದೂ ಪೂರ್ತಿ ನೀಳವಾಗದು ಎಂದರು ವೈದ್ಯರು. ವಿಚಾರಣೆಗೆ ಬಂದ ಸಮಿತಿ ಪಟ್ಟಿಯಲ್ಲಿ ಏನೂ ದೋಷವಿಲ್ಲವೆಂದು ಬರೆದುಕೊಟ್ಟಿತು. ಆ ಮಾತು ಪತ್ರಿಕೆಗಳಲ್ಲಿ ಬಂದ ಮೇಲೆ ಒಣಗೈಗೆ ಬೇಡಿಕೆ ಇನ್ನೂ ಹೆಚ್ಚಿತು.

ಸಿಂಚನಾ ಆಸ್ಪತ್ರೆಗೆ ಹೋದಳು. ಜೋಯಾಳ ತಾಯಿ ಕುರ್ಚಿ ಬಿಟ್ಟುಕೊಟ್ಟು ಹೊರಗೆ ನಡೆದರು.

"ಅವತ್ತ ಅಂಜಿಕಿ ಬಂದಿತ್ತೇನು ನಿನಗ?"

"ಭಾಳ ಬಂದಿತ್ರಿ."

"ಮತ್ತ ಸರ್‌ಗೆ ಯಾಕ ಹೇಳಲಿಲ್ಲ?"

ಜೋಯಾ ಅವಳನ್ನು ವಿಚಿತ್ರವಾಗಿ ನೋಡಿದಳು. "ಯಾವತ್ತೂ ಹೇಳೇ ಇಲ್ಲಲ್ರಿ. ಸರ್ ಕೈ ಹಿಡದ್ರಂದ್ರ ಅವರಿಗೇ ಗೊತ್ತಾಗತಿತ್ತು. ಅಂಜಿಕಿ ಇದ್ದಾಗೆಲ್ಲಾ ಬ್ಯಾಡ ಅಂತಿದ್ರು. ಅವತ್ತ ಹೋಗು ಅಂದ್ರು. ಹಂಗಾರ ನಾ ಸುಮ್ನ ಅಂಜಾಕತ್ತೀನಿ ಅಂದ್ಕೊಂಡೆ."

ಬೆವರು ಎರಡು ಬಗೆ. ಬಿಸಿಲಿಗೆ ಮೈಯೆಲ್ಲ ಬೆವರುತ್ತದೆ. ಅಂಗೈ ಅಂಗಾಲು ಬೆವರುವುದು ಹೆಚ್ಚಾಗಿ ಮನಸ್ಸಿನ ತಳಮಳಕ್ಕೆ. ಇದನ್ನು ಸಿಂಚನಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಅವಳ ಪ್ರಬಂಧದ ಮೊದಲ ಪುಟದಲ್ಲಿ ಅವಳೇ ಬರೆದ ಮಾತು. ಸರ್ ಕೈ ಹಿಡಿಯುವುದನ್ನು ಆರು ವರ್ಷ ಕಂಡಿದ್ದಳು, ತನ್ನ ಕೈಯನ್ನೇ ನೂರು ಸಲ ಕೊಟ್ಟಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಅವಳಿಗೆ ಅಂಗೈಯೇ ಕಾಣಲಿಲ್ಲ, ಅದರ ಮೇಲಿನ ನೀರೊಂದೇ ಕಂಡಿತು.

ಅವಳು ನೇರವಾಗಿ ಗೋದಾಮಿಗೆ ಬಂದು ಪತ್ತಾರ ಸರ್‌ಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಅಂದ್ರ ಗುರುಗಳ ಕೃಪಾ ಅಲ್ಲ," ಎಂದರು. "ಜೋಯಾನಂಗ ಕೈ ಯಾವಾಗಲೂ ಹಸಿ ಇದ್ದವರದೂ ನನಗ ಗೊತ್ತಾಗತಿತ್ತು. ಅಂಜಿದ ದಿನಾ ತಣ್ಣಗ ಇರತಿತ್ತು, ಹಸಿ ಬ್ಯಾರೇ ಇರತಿತ್ತು. ನನಗೂ ಗೊತ್ತಿಲ್ಲದಂಗ ಓದತಿದ್ದೆ. ಒಬ್ಬರೂ ಕೇಳಲಿಲ್ಲ ನೋಡವಾ, ನಾನೂ ನನ್ನ ಕೇಳಕೊಳ್ಳಲಿಲ್ಲ."

"ತಪ್ಪು ನಂದರಿ ಸರ್. ವಿಜ್ಞಾನ ಓದಿದಾಕಿ ನಾನು."

"ಹೋಗು ಅಂದಾವ ನಾನು," ಎಂದರು ಸರ್.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಿಂಚನಾ ಪಟ್ಟಿಗೆ ಒಂದು ಸಣ್ಣ ದೀಪ ಸೇರಿಸಿದಳು. ತಡೆದ ಅಪ್ಪಣೆಗಳು ಮಿತಿ ಮೀರಿದರೆ, ಅಂದರೆ ಒಳಗೆ ಅಂಜಿಕೆ ಏರಿದರೆ, ಅದು ಮಿನುಗುತ್ತಿತ್ತು. ಪಟ್ಟಿ ತಯಾರಿಸಿ ಮಾರುತ್ತಿದ್ದ ಕಂಪನಿಯವರು ಅವಳ ಮಾತನ್ನು ಸಮಾಧಾನದಿಂದಲೇ ಕೇಳಿದರು. ಅಷ್ಟರಲ್ಲಿ ಒಣಗೈ ಕ್ರೀಡಾಪಟುಗಳನ್ನು ದಾಟಿ ಹೋಗಿತ್ತು. ಸಂದರ್ಶನಕ್ಕೆ ಹೊರಟವರು, ಹೆಣ್ಣು ನೋಡಲು ಹೊರಟವರು, ಮೊದಲ ಶಸ್ತ್ರಚಿಕಿತ್ಸೆಗೆ ನಿಂತ ವೈದ್ಯರು ಎಲ್ಲರೂ ಕಟ್ಟಿಕೊಳ್ಳುತ್ತಿದ್ದರು. ತನ್ನ ಅಂಜಿಕೆಯನ್ನು ಊರಿಗೆಲ್ಲ ತೋರಿಸುವ ದೀಪವನ್ನು ಯಾರು ಮೈಮೇಲೆ ಹಾಕಿಕೊಳ್ಳುತ್ತಾರೆ ಎಂದು ಅವರು ಕೇಳಿದರು. ಮಕ್ಕಳ ಪಟ್ಟಿಯನ್ನಾದರೂ ಬಿಚ್ಚಿಸೋಣವೆಂದರೆ ತಂದೆತಾಯಂದಿರೇ ಒಪ್ಪಲಿಲ್ಲ. ಬೇರೆ ಊರಿನ ಮಕ್ಕಳೆಲ್ಲ ಕಟ್ಟಿಕೊಂಡು ಬರುವಾಗ ತಮ್ಮವರು ಒದ್ದೆ ಕೈಯಲ್ಲಿ ಹೋಗುವುದು ಹೇಗೆ ಎಂದರು.

ಮರುವರ್ಷ ಜನವರಿಯ ಒಂದು ಬೆಳಿಗ್ಗೆ ಅವಳು ಮತ್ತೆ ಗೋದಾಮಿಗೆ ಬಂದಳು. ಅಂದು ಹೊಸ ಪಟ್ಟಿನ ದಿನ. ಪತ್ತಾರ ಸರ್ ಬೆಂಚಿನ ಮೇಲೆ ಕೂತಿದ್ದರು, ಯಾರ ಕೈಯನ್ನೂ ಹಿಡಿಯಲಿಲ್ಲ. ಸಾಲಾಗಿ ಬಂದ ಒಬ್ಬೊಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು, "ಅಂಜಿಕಿ ಐತೇನು?" ಎಂದು ಕೇಳಿದರು.

"ಇಲ್ರಿ ಸರ್."

ಹನ್ನೊಂದು ಮಕ್ಕಳೂ ಅದನ್ನೇ ಹೇಳಿದರು. ಏಳು ವರ್ಷದ ಒಂದು ಹುಡುಗಿಯಂತೂ, ಕೆಳತುಟಿ ನಡುಗುತ್ತಿದ್ದರೂ, ಎದೆ ಸೆಟೆಸಿ ಎಲ್ಲರಿಗಿಂತ ಜೋರಾಗಿ ಹೇಳಿದಳು. ಸರ್ ಅಂದು ಯಾರನ್ನೂ ಸರಳು ಹತ್ತಿಸದೆ ಮನೆಗೆ ಕಳಿಸಿಬಿಟ್ಟರು.

"ಸುಳ್ಳ ಹೇಳತಾವಲ್ರಿ ಸರ್," ಎಂದಳು ಸಿಂಚನಾ.

"ಸುಳ್ಳಲ್ಲವಾ. ಅದನ್ನ ಬಾಯಿಂದ ಹೇಳಬಹುದು ಅನ್ನೂದ ಗೊತ್ತಿಲ್ಲ ಅವಕ್ಕ. ಅಂಜಬ್ಯಾಡ ಅಂತೀವಿ, ಧೈರ್ಯಾ ಮಾಡು ಅಂತೀವಿ. ಅಂಜಿಕಿ ಆದ್ರ ಹೇಳು, ಕೇಳತೀನಿ ಅಂತ ಯಾರು ಅಂದೀವಿ? ನೀ ಆರು ವರ್ಷ ಇಲ್ಲೇ ಇದ್ದಿ. ಒಂದ ದಿನಾ ಹೇಳಿಯೇನು?"

ಅವಳು ಯೋಚಿಸಿದಳು. 2026ರಲ್ಲಿ ಅವಳಿಗೆ ಹನ್ನೆರಡು ವರ್ಷ. ಆಗ ಪಟ್ಟಿಯಿರಲಿಲ್ಲ, ನಾಕಾದಾರನಿರಲಿಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಇದೇ ಸೂರಿನಡಿ, ಒದ್ದೆಯಾದ ಅವಳ ಕೈಯನ್ನು ಕಂಡವರೆಲ್ಲ ಒರೆಸಿಕೋ ಎಂದು ಏನಾದರೊಂದು ಬಟ್ಟೆ ಕೊಟ್ಟಿದ್ದರು. ಯಾಕವಾ, ಏನಾಯ್ತು ಎಂದು ಒಬ್ಬರಾದರೂ ಕೇಳಬಹುದಿತ್ತು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

"ಇಲ್ರಿ," ಎಂದಳು. "ಯಾರೂ ಕೇಳೂ ಇಲ್ಲ."

ಸರ್ ಎದ್ದು ಹೆಗಲ ಮೇಲೆ ಟವೆಲ್ ಹಾಕಿಕೊಂಡರು. "ಜೋಯಾನ ಮನೀಗೆ ಹೊಂಟೀನಿ. ದವಾಖಾನಿಯಿಂದ ಬಂದು ನಾಕ ತಿಂಗಳಾತು, ನೀ ಒಮ್ಮೇನೂ ಹೋಗಿಲ್ಲಂತ. ನಿನ್ನ ಕೇಳತಾಳ ಆಕಿ. ಇವತ್ತ ಬರತೀಯೇನು?"

ಸಿಂಚನಾ ಹೂಂ ಎಂದು ತಲೆಯಾಡಿಸಿದಳು. ಬಾಗಿಲ ಹತ್ತಿರ ಅವರು ನಿಂತು ಹಿಂದಿರುಗಿ ನೋಡಿದರು.

"ಅಂಜಿಕಿ ಐತೇನವಾ?"

"ಇಲ್ರಿ ಸರ್," ಎಂದಳು ಸಿಂಚನಾ. ಆ ಗೋದಾಮು ಅಂದು ಬೆಳಿಗ್ಗೆ ಕೇಳಿದ ಹನ್ನೆರಡನೆಯ ಇಲ್ಲ ಅದು.