ಹಳೇ ಬಾಗಿಲಿನ ಪಾತಿ

ಬಹಳ ಹಿಂದೆ, ತುಂಬೆಪುರವೆಂಬ ರಾಜ್ಯದಲ್ಲಿ, ಒಂದು ಸೋಮವಾರ ಬೆಳಿಗ್ಗೆ ಜನ ಎಂದಿನಂತೆ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಆಗ ಕರಾಳನೆಂಬ ಮಾಂತ್ರಿಕ ಬೂದು ಕೋಣದ ಮೇಲೆ ಕೂತು ಬಂದ. ರಾಜ್ಯವನ್ನು ತನಗೆ ಬಿಟ್ಟುಕೊಡೆಂದು ರಾಜನನ್ನು ಕೇಳಿ, ಆಗದು ಅನ್ನಿಸಿಕೊಂಡಿದ್ದ. ಊರ ನಡುವೆ ಇಳಿದು ಒಂದು ಕಬ್ಬಿಣದ ಮೊಳೆಯನ್ನು ನೆಲಕ್ಕೆ ಹೊಡೆದ.

"ಈ ನೆಲದಲ್ಲಿ ಇನ್ನು ಏನೂ ಬೆಳೆಯದು. ಕಬ್ಬಿಣ ತಾಗಿದ ಮಣ್ಣು ಎಲ್ಲಿದ್ದರೂ ನನ್ನದು. ಯಾರಾದರೂ ಒಂದು ಹಿಡಿ ಸೊಪ್ಪು ಬೆಳೆದು ತೋರಿಸಿದರೆ ನಾನು ಸೋತಂತೆ," ಎಂದ.

ಮಧ್ಯಾಹ್ನದ ಹೊತ್ತಿಗೆ ಹೊಲಗಳೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದವು.

ಎರಡು ವರ್ಷದಲ್ಲಿ ಕಣಜಗಳ ತಳ ಕಂಡಿತು. ಜನ ಬಿತ್ತನೆಯ ಬೀಜವನ್ನೂ ತಿಂದರು. ಬಡಗಿ ಮೌನಪ್ಪನ ಮನೆಯಲ್ಲಿ ಮಾತ್ರ ಒಂದು ಸೋರೆಬುರುಡೆಯಷ್ಟು ಹರಿವೆ ಬೀಜ ಉಳಿದಿತ್ತು. ಅವನ ಹೆಂಡತಿ ಈರವ್ವ ಬೂದಿ ಬೆರೆಸಿ ಇಟ್ಟದ್ದು. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಇನ್ನೊಂದು ಮಳೆಗಾಲ ಕಳೆದರೆ ಆ ಬೀಜ ಹುಟ್ಟುವುದಿಲ್ಲ.

ಅಂಗಳದ ಒಣಮರದಿಂದ ಮರಕುಟಿಗವೊಂದು ಕೇಳಿತು: "ಏನಯ್ಯಾ ಬಡಗಿ, ನೆಲ ಕೆಟ್ಟರೆ ನೆಲದಿಂದ ಎತ್ತರಿಸಿ, ಮರದ ಪಾತಿಯಲ್ಲಿ ಬೆಳೆಯಬಾರದೇ?"

"ಮರ ಎಲ್ಲಿದೆ? ಕಾಡಿನ ಮರವೆಲ್ಲ ಮುಟ್ಟಿದರೆ ಪುಡಿಯಾಗುತ್ತದೆ."

"ಶಾಪಕ್ಕಿಂತ ಮುಂಚೆ ಕಡಿದ ಮರ ಹುಡುಕು. ಒಂದು ಮೊಳೆಯನ್ನೂ ಬಿಡದೆ ಕೀಳು. ನಾನು ಬರೀ ಕೊಕ್ಕಿನಲ್ಲಿ ಮನೆ ಕಟ್ಟಿದ್ದೇನೆ, ನಿನಗೆ ಎರಡು ಕೈಯಿದೆ."

ಮೌನಪ್ಪ ಮೊದಲು ಮುರಿದುಬಿದ್ದ ಕೋಟೆಬಾಗಿಲಿಗೆ ಹೋದ. ಅದನ್ನು ಕಲ್ಲಿನ ಸಿಂಹ ಕಾಯುತ್ತಿತ್ತು. "ಹಲಗೆ ಸೀಳಿದರೆ ನಿನ್ನನ್ನೂ ಸೀಳುತ್ತೇನೆ," ಎಂದಿತು. ಮೌನಪ್ಪ ಇಕ್ಕಳದ ಕೆಳಗೆ ಮರದ ಚೂರು ಇಟ್ಟು, ಒಂದೊಂದೇ ಮೊಳೆಯನ್ನು ನಿಧಾನವಾಗಿ ಎಬ್ಬಿಸಿದ. ನಲವತ್ತು ಮೊಳೆ ಬಂದವು. ಹಲಗೆ ಸೀಳಲಿಲ್ಲ; ಸಿಂಹ ಅದನ್ನು ಒಯ್ಯಲು ಬಿಟ್ಟಿತು.

ಆಮೇಲೆ ಬತ್ತಿದ ಹೊಳೆಯಲ್ಲಿ ಕೂತುಹೋದ ದೋಣಿಗೆ ಹೋದ. ಅದರೊಳಗೆ ಮೊಸಳೆ ಮಲಗಿತ್ತು.

"ನನ್ನ ದವಡೆಯಲ್ಲೂ ಒಂದು ಮೊಳೆ ಸಿಕ್ಕಿದೆ. ಮೊದಲು ಅದನ್ನು ಕೀಳು."

"ಬಾಯಿ ಮುಚ್ಚುವುದಿಲ್ಲ ತಾನೆ?"

"ನೋಯಿಸಿದರೆ ಮುಚ್ಚುತ್ತೇನೆ. ಸುಳ್ಳು ಯಾಕೆ ಹೇಳಲಿ?"

ಮೌನಪ್ಪ ಎಣ್ಣೆ ಬಿಟ್ಟು, ಒಂದು ದಿನ ಕಾದು, ಮೊಳೆಯನ್ನು ತಿರುಗಿಸುತ್ತ ತೆಗೆದ. ಮೊಸಳೆ ಎದ್ದು ಜಾಗ ಬಿಟ್ಟಿತು. ದೋಣಿಯ ತುಕ್ಕು ಮೊಳೆಗಳನ್ನೂ ಹಾಗೆಯೇ ತೆಗೆದ. ಎರಡು ಉದ್ದ ಹಲಗೆ ಸಿಕ್ಕವು.

ಇನ್ನೊಂದು ಹಲಗೆ ಬೇಕಿತ್ತು. ಅವನು ತನ್ನ ಮನೆಯ ಬಾಗಿಲನ್ನೇ ಬಿಚ್ಚಿದ. ಒಂದು ಮೊಳೆ ಬಿಟ್ಟು ಎಲ್ಲವನ್ನೂ ಕಿತ್ತ. ಆ ಒಂದಕ್ಕೆ ಈರವ್ವ ಜರಡಿ ತೂಗುಹಾಕುತ್ತಿದ್ದಳು.

"ಅದು?" ಎಂದಿತು ಮರಕುಟಿಗ.

"ಒಂದೇ ತಾನೆ," ಎಂದ ಮೌನಪ್ಪ.

ಆರು ಮೊಳ ಉದ್ದ, ಎರಡು ಮೊಳ ಅಗಲ, ಒಂದು ಮೊಳ ಎತ್ತರದ ಪಾತಿ. ಮೂಲೆಗಳನ್ನು, ಶಾಪಕ್ಕಿಂತ ಮುಂಚೆ ಕಡಿದಿಟ್ಟಿದ್ದ ಬಿದಿರಿನ ಗೂಟದಿಂದ ಕೂಡಿಸಿದ. ನಾಲ್ಕು ಕಲ್ಲುಗಳ ಮೇಲೆ ಕೂರಿಸಿ, ತಳಕ್ಕೆ ಬಿದಿರಿನ ತಟ್ಟಿ ಕಟ್ಟಿದ. ಅಟ್ಟದ ಮೇಲಿದ್ದ ಹಳೆಯ ಆಡಿನ ಗೊಬ್ಬರ, ಕೊಳೆತ ಎಲೆ ತುಂಬಿ ಅರ್ಧ ಬೀಜ ಬಿತ್ತಿದ. ಐದನೆಯ ದಿನ ಸಸಿ ಕಂಡವು. ಎಂಟನೆಯ ದಿನ, ಮೊಳೆಯ ಕಡೆಯಿಂದ ಶುರುವಾಗಿ, ಎಲ್ಲವೂ ಬೂದಿಯಾದವು.

ಕರಾಳ ಬೇಲಿಯಾಚೆ ಕೋಣ ನಿಲ್ಲಿಸಿದ. "ಒಳಗೆ ಬರಲು ದಾರಿ ಬಿಟ್ಟಿದ್ದೀಯಲ್ಲ, ಬಡಗಿ. ಉಪಕಾರವಾಯಿತು."

ಮೌನಪ್ಪ ಗೊಬ್ಬರವನ್ನೆಲ್ಲ ತೆಗೆದು ಚೆಲ್ಲಿ, ಇಕ್ಕಳ ಹಿಡಿದು ಬಾಗಿಲ ಹಲಗೆಯ ಮುಂದೆ ಕೂತ. ಮೊಳೆ ಸಡಿಲವಾಗಿಯೇ ಇತ್ತು. ಆದರೂ ಕೀಳಲು ಸಂಜೆಯಾಯಿತು. ತೂತಿಗೆ ಬಿದಿರಿನ ಗೂಟ ಹೊಡೆದು, ಅಟ್ಟದಲ್ಲಿ ಉಳಿದ ಗೊಬ್ಬರ ತುಂಬಿ, ಉಳಿದರ್ಧ ಬೀಜ ಬಿತ್ತಿದ.

ಇಪ್ಪತ್ತೈದನೆಯ ದಿನ ಕೈಯಿಂದಲೇ ಒಂದು ಹಿಡಿ ಸೊಪ್ಪು ಕಿತ್ತು, ಕರಾಳನಿಗೆ ತೋರಿಸಿದ. ಊರ ನಡುವಿನ ಮೊಳೆ ತಾನೇ ಎದ್ದು ಹೊರಗೆ ಬಿತ್ತು. ಕರಾಳ ಹೊಗೆಯಾಗಿ ಹೋದ. ಕೋಣ ಮೇಯಲು ಹೋಯಿತು.

ನೆಲ ಹಸಿರಾಯಿತು, ಕಾಡು ಚಿಗುರಿತು, ಕಣಜ ತುಂಬಿದವು. ಜನ ಉಂಡುಟ್ಟು ನೆಮ್ಮದಿಯಿಂದಿದ್ದರು. ಮುಂದಿನ ವರ್ಷ ಮೌನಪ್ಪ ಮನೆಗೆ ಹಲಸಿನ ಮರದ ಹೊಸ ಬಾಗಿಲು ಮಾಡಿದ. ಕೂಡಿಕೆಗೆಲ್ಲ ಬಿದಿರಿನ ಗೂಟವನ್ನೇ ಹೊಡೆದ.

ಆ ಬಾಗಿಲಿನಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇತ್ತು. ಅದಕ್ಕೆ ಜರಡಿ ತೂಗುಹಾಕಿತ್ತು.